ಜಲಪಾತದ ಬಂಡೆಯ ಬಸವನಹುಳು: ಆವಾಸಸ್ಥಾನದ ಅಗತ್ಯಗಳು ಮತ್ತು ಅನುಮತಿ ಕೋರುವವರಿಗೆ ಮಾಹಿತಿ

ಪರಿಚಯ

ಪಶ್ಚಿಮ ಘಟ್ಟಗಳಲ್ಲಿ, ಜಲಪಾತದ ತುಂತುರಿನಿಂದ ಸದಾ ತೊಯ್ದಿರುವ ಕಡಿದಾದ ಬಂಡೆಗಳ ಮೇಲೆ, ಕೈಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಬಗೆಯ ಬಸವನಹುಳು ವಾಸಿಸುತ್ತದೆ. ಜೀವಶಾಸ್ತ್ರದಲ್ಲಿ ಇದನ್ನು ಕ್ರೆಮ್ನೊಕಾಂಕಸ್ ಎಂಬ ಕುಲದಲ್ಲಿ ಸೇರಿಸಲಾಗಿದೆ. ಗ್ರೀಕ್ ಮೂಲದ ಈ ಹೆಸರಿಗೆ ಕಡಿದಾದ ಬಂಡೆಯ ಚಿಪ್ಪು ಎಂಬ ಅರ್ಥ ಬರುತ್ತದೆ. ಮಹಾರಾಷ್ಟ್ರ ಮತ್ತು ಕರ್ನಾಟಕ ರಾಜ್ಯಗಳ ಸಹ್ಯಾದ್ರಿ ಶ್ರೇಣಿಯನ್ನು ಬಿಟ್ಟರೆ ಜಗತ್ತಿನ ಬೇರಾವ ಭಾಗದಲ್ಲಿಯೂ ಈ ಕುಲದ ಜೀವಿಗಳು ದಾಖಲಾಗಿಲ್ಲ.

ಘಟ್ಟ ಪ್ರದೇಶದ ಝರಿಗಳಿಂದ ನೀರು ಪಡೆಯಲು, ಅಧ್ಯಯನ ಅಥವಾ ಛಾಯಾಗ್ರಹಣ ನಡೆಸಲು, ರಸ್ತೆ ಅಥವಾ ಕಟ್ಟಡ ನಿರ್ಮಿಸಲು ಅನುಮತಿ ಕೋರುವವರಿಗೆ, ಒಂದು ಕೊಳವೆ ನೀರಿಗೆ ಇಷ್ಟೊಂದು ಪರಿಶೀಲನೆ ಏತಕ್ಕೆ ಎಂಬ ಸಂದೇಹ ಬರುವುದು ಸಹಜ. ಈ ಸಣ್ಣ ಜೀವಿಯ ಆವಾಸಸ್ಥಾನವನ್ನು ತಿಳಿದುಕೊಂಡರೆ ಆ ಸಂದೇಹಕ್ಕೆ ಉತ್ತರ ದೊರೆಯುತ್ತದೆ. ಇದಕ್ಕೆ ಬೇಕಾದುದು ಬಂಡೆಯ ಮೇಲೆ ಎಡೆಬಿಡದೆ ಜಾರುವ ತೆಳುವಾದ ನೀರಿನ ಪೊರೆ. ಅದು ಕೆಲವು ವಾರ ನಿಂತುಹೋದರೂ ಆ ಬಂಡೆಯ ಸಂತತಿಗೆ ಹೋಗಲು ಬೇರೆ ಸ್ಥಳವಿರುವುದಿಲ್ಲ.

ಕೆರೆಯ ಬಸವನಹುಳುವೂ ಬಂಡೆಯ ಬಸವನಹುಳುವೂ

ಬೆಂಗಳೂರಿನ ಹಳೆಯ ಬಡಾವಣೆಗಳ ನಿವಾಸಿಗಳಿಗೆ ಬಸವನಹುಳು ಎಂದೊಡನೆ ನೆನಪಿಗೆ ಬರುವುದು ಮಳೆಗಾಲದಲ್ಲಿ ಕೈತೋಟದ ಗೋಡೆ ಹತ್ತುವ ದೊಡ್ಡ ಕಂದು ಹುಳು. ಅದು ಆಫ್ರಿಕಾದ ದೈತ್ಯ ಬಸವನಹುಳು. ಹೊರದೇಶದಿಂದ ಬಂದು ನೆಲೆಸಿದ ಪೀಡೆ. ಅದಕ್ಕೆ ಯಾವ ರಕ್ಷಣೆಯೂ ಇಲ್ಲ, ಅದನ್ನು ತೆಗೆದುಹಾಕಲು ಯಾರ ಅನುಮತಿಯೂ ಬೇಡ. ಬರಿಗೈಯಿಂದ ಮುಟ್ಟದಿರುವುದು ಮಾತ್ರ ಒಳ್ಳೆಯದು.

ಎರಡನೆಯದು ಕೆರೆ ಮತ್ತು ಗದ್ದೆಗಳ ಬಸವನಹುಳು. ಪೈಲಾ ಕುಲದ ದುಂಡು ಬಸವನಹುಳು ಇದರ ಉತ್ತಮ ಉದಾಹರಣೆ. ಇದಕ್ಕೆ ನೀರಿನಲ್ಲಿ ಉಸಿರಾಡಲು ಕಿವಿರು, ಗಾಳಿಯಲ್ಲಿ ಉಸಿರಾಡಲು ಶ್ವಾಸಕೋಶದಂತಹ ಚೀಲ, ಎರಡೂ ಇವೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರಿನಲ್ಲಿ ಹುದುಗಿ, ಚಿಪ್ಪಿನ ಬಾಯಿಮುಚ್ಚಳವನ್ನು ಬಿಗಿದುಕೊಂಡು ಮುಂದಿನ ಮಳೆಯವರೆಗೂ ಕಾಯಬಲ್ಲದು. ಮೊಟ್ಟೆಯನ್ನು ದಡದ ತೇವದ ಮಣ್ಣಿನಲ್ಲಿಡುತ್ತದೆ. ಹೀಗೆ ಕೆರೆಯ ಏರಿಳಿತಕ್ಕೆ ಹೊಂದಿಕೊಂಡ ಈ ಜೀವಿಗೂ ಕೆರೆಯೇ ಇಲ್ಲವಾದರೆ ಉಳಿವಿಲ್ಲ. ಕಾಟನ್‌ಪೇಟೆಯ ಮಗ್ಗುಲಲ್ಲಿದ್ದ ಧರ್ಮಾಂಬುಧಿ ಕೆರೆ ಹಳೆಯ ಪೇಟೆಗೆ ನೀರು ಒದಗಿಸುತ್ತಿತ್ತು. 1896ರಲ್ಲಿ ಹೆಸರಘಟ್ಟದ ಕೊಳವೆ ನೀರು ನಗರಕ್ಕೆ ಬಂದ ಮೇಲೆ ಅದರ ಪ್ರಾಮುಖ್ಯ ಕುಗ್ಗಿತು. ಇಂದು ಆ ಕೆರೆಯಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಮಲೆನಾಡಿನ ಜಲಪಾತಗಳನ್ನು ನೋಡಲು ಹೊರಡುವ ಪ್ರವಾಸಿಗರು ಬಸ್ಸು ಹತ್ತುವುದು ಹೀಗೆ ಇಲ್ಲವಾದ ಒಂದು ಕೆರೆಯ ತಳದ ಮೇಲಿಂದಲೇ.

ಬಂಡೆಯ ಬಸವನಹುಳು ಈ ಎರಡಕ್ಕೂ ಸೇರಿದುದಲ್ಲ. ಇದರ ಬಂಧುಬಳಗ ಇರುವುದು ಸಮುದ್ರತೀರದಲ್ಲಿ. ಇದು ಸೇರಿರುವ ಲಿಟೊರಿನಿಡೆ ಕುಟುಂಬದ ಇತರ ಸದಸ್ಯರು ಕಡಲತೀರದ ಬಂಡೆಗಳಲ್ಲಿ, ಅಳಿವೆಯ ಕಾಂಡ್ಲಾಗಿಡಗಳ ಮೇಲೆ, ಉಬ್ಬರವಿಳಿತದ ನಡುವೆ ಬದುಕುವಂಥವು. ಆ ಕುಟುಂಬದಲ್ಲಿ ಸಿಹಿನೀರಿಗೆ ಬಂದು ನೆಲೆಸಿದ ಕುಲ ಇದೊಂದೇ. ಕಡಲಬಂಡೆಗೆ ಅಲೆಯ ಸಿಂಚನ ಹೇಗೋ, ಘಟ್ಟದ ಬಂಡೆಗೆ ಜಲಪಾತದ ತುಂತುರು ಹಾಗೆ. ನೀರು ಬದಲಾಗಿದೆ, ಬಂಡೆಗೆ ಅಂಟಿ ಬದುಕುವ ಕ್ರಮ ಬದಲಾಗಿಲ್ಲ.

ಗುರುತಿಸಿದ ಬಗೆ ಮತ್ತು ಈಗಿನ ಸ್ಥಿತಿ

ಸಹ್ಯಾದ್ರಿಯ ಹೆಸರನ್ನೇ ಹೊತ್ತ ಸಿಹಾಡ್ರೆನ್ಸಿಸ್ ಪ್ರಭೇದವನ್ನು 1863ರಲ್ಲಿ ಭೂವಿಜ್ಞಾನಿ ವಿಲಿಯಂ ಥಾಮಸ್ ಬ್ಲಾನ್‌ಫೋರ್ಡ್ ವಿವರಿಸಿದರು. ಅವರು ಮೊದಲು ಕೊಟ್ಟ ಕುಲದ ಹೆಸರನ್ನು ಅದಾಗಲೇ ಒಂದು ಮೀನಿಗೆ ಇಡಲಾಗಿತ್ತಾದ್ದರಿಂದ 1869ರಲ್ಲಿ ಈಗಿನ ಹೆಸರು ಬಂದಿತು. ಆನಂತರ ಬಹುಕಾಲ ಈ ಕುಲವನ್ನು ಮಹಾರಾಷ್ಟ್ರದ ಘಟ್ಟಗಳ ವಿಶೇಷವೆಂದೇ ಹೆಚ್ಚಾಗಿ ತಿಳಿಯಲಾಗಿತ್ತು.

2013ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಡೇವಿಡ್ ರೀಡ್, ಬೆಂಗಳೂರಿನ ಏಟ್ರೀ ಸಂಸ್ಥೆಯ ಎನ್. ಎ. ಅರವಿಂದ್ ಹಾಗೂ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಎನ್. ಎ. ಮಧ್ಯಸ್ಥ ಅವರು ಇಡೀ ಕುಲವನ್ನು ಮರುಪರಿಶೀಲಿಸಿ, ಒಟ್ಟು 9 ಪ್ರಭೇದಗಳನ್ನು ಗುರುತಿಸಿದರು. ಅವುಗಳಲ್ಲಿ 3 ಮಹಾರಾಷ್ಟ್ರದವು. ಹೊಸದಾಗಿ ಹೆಸರಿಸಲಾದ 6 ಪ್ರಭೇದಗಳು ಕರ್ನಾಟಕದವು: ಆಗುಂಬೆನ್ಸಿಸ್, ಹನುಮಾನಿ, ಸಿಂಗ್ಯುಲೇಟಸ್, ದ್ವಾರಕಿಐ, ಗ್ಲೋಬ್ಯುಲಸ್ ಮತ್ತು ಕ್ಯಾಸ್ಟಾನಿಯ. ಮೊದಲನೆಯದರ ಹೆಸರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಿಂದ ಬಂದುದೆಂಬುದನ್ನು ಹೇಳಬೇಕಾಗಿಲ್ಲ. ಚಿಪ್ಪಿನ ಆಕಾರ, ಬಾಯಿಮುಚ್ಚಳ, ಹಲ್ಲುಸಾಲಿರುವ ನಾಲಿಗೆ, ಜನನಾಂಗಗಳ ರಚನೆ ಇವುಗಳನ್ನು ಹೋಲಿಸಿ ಈ ವಿಂಗಡಣೆಯನ್ನು ಮಾಡಲಾಗಿದೆ. ಆದುದರಿಂದ ಕೇವಲ ಛಾಯಾಚಿತ್ರ ನೋಡಿ ಪ್ರಭೇದವನ್ನು ಖಚಿತವಾಗಿ ಹೇಳುವುದು ಕಷ್ಟ.

ಮಹಾರಾಷ್ಟ್ರದ ಸಿಹಾಡ್ರೆನ್ಸಿಸ್ ಪ್ರಭೇದವನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ಅಪಾಯದಂಚಿನ ಜೀವಿಯೆಂದು ದಾಖಲಿಸಿದೆ. ಕರ್ನಾಟಕದ ಪ್ರಭೇದಗಳು ಗೊತ್ತಾಗಿರುವುದು ಬೆರಳೆಣಿಕೆಯ ಸ್ಥಳಗಳಿಂದ ಮಾತ್ರ. ಸಣ್ಣ ಪ್ರದೇಶಕ್ಕೆ ಸೀಮಿತವಾದ ಜೀವಿಗೆ, ಪಟ್ಟಿಯಲ್ಲಿ ಯಾವ ದರ್ಜೆ ಇದೆ ಎಂಬುದಕ್ಕಿಂತ ಆ ಸ್ಥಳಕ್ಕೆ ಏನಾಗುತ್ತಿದೆ ಎಂಬುದೇ ಹೆಚ್ಚು ಮುಖ್ಯ.

ಆವಾಸಸ್ಥಾನದ ಅಗತ್ಯಗಳು

ಸಮುದ್ರಮಟ್ಟದಿಂದ ಸುಮಾರು 300 ಮೀಟರಿನಿಂದ 1,400 ಮೀಟರ್ ಎತ್ತರದವರೆಗೆ, ಘಟ್ಟದ ಕಡಿದಾದ ಇಳಿಜಾರಿನ ಝರಿಗಳಲ್ಲಿ ಈ ಬಸವನಹುಳುಗಳು ಕಂಡುಬರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಇಷ್ಟು ಮಳೆ ಬೀಳುವ ನಾಡಿನಲ್ಲಿ ನೀರಿಗೆ ಕೊರತೆಯೆಲ್ಲಿ ಎಂದು ಅನಿಸಬಹುದು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿದು ಹರಿದುಹೋಗುತ್ತದೆ. ಈ ಜೀವಿಯ ಅಳಿವು ಉಳಿವು ತೀರ್ಮಾನವಾಗುವುದು ಮಾರ್ಚ್‌ನಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ, ಅಬ್ಬರದ ಜಲಪಾತ ಬಂಡೆಯ ಮೇಲಿನ ಒಸರಾಗಿ ಉಳಿದಿರುವಾಗ.

ಆ ಒಸರು ಬರುವುದು ಮೇಲಿನ ಕಾಡಿನಿಂದ. ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಮಣ್ಣು ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುತ್ತದೆ. ಹೀಗಾಗಿ ಜಲಪಾತದ ಬಂಡೆಗೆ ಏನೂ ಮಾಡದೆ, ಅದರ ನೆತ್ತಿಯ ಮೇಲಿನ ಕಾಡನ್ನು ಕಡಿದರೂ ಬಂಡೆ ಒಣಗುತ್ತದೆ. ಬಂಡೆಯನ್ನು ಮುಚ್ಚಿದ ಮರಗಳ ನೆರಳಿಗೂ ಇದೇ ಪ್ರಾಮುಖ್ಯವಿದೆ. ನೇರ ಬಿಸಿಲು ಬಿದ್ದ ಕಲ್ಲು ಬೇಗ ಕಾಯುತ್ತದೆ, ತೆಳುವಾದ ನೀರಿನ ಪೊರೆ ಅದಕ್ಕಿಂತ ಬೇಗ ಆರುತ್ತದೆ.

ಬಂಡೆಯ ಮೇಲ್ಮೈಯೇ ಇದರ ಹೊಲ. ಕಲ್ಲಿಗೆ ಅಂಟಿ ಬೆಳೆಯುವ ಸೂಕ್ಷ್ಮ ಪಾಚಿಯನ್ನು ಅರದಂತಹ ನಾಲಿಗೆಯಿಂದ ಕೆರೆದು ತಿನ್ನುವುದೇ ಇದರ ಆಹಾರಕ್ರಮ. ಮಣ್ಣು ಕದಡಿದ ನೀರು ಹರಿದು ಬಂಡೆಯ ಮೇಲೆ ಹೂಳಿನ ಪದರ ಕೂತರೆ ಪಾಚಿ ಮುಚ್ಚಿಹೋಗುತ್ತದೆ. ರಸ್ತೆ ಅಗಲಗೊಳಿಸುವಾಗ ತೆಗೆದ ಮಣ್ಣನ್ನು ಇಳಿಜಾರಿಗೆ ತಳ್ಳುವುದರಿಂದ ಆಗುವ ಹಾನಿ ಈ ಬಗೆಯದು. ಬಿರುಕು ಮತ್ತು ಸಂದುಗಳಿಂದ ಕೂಡಿದ ಒರಟು ಬಂಡೆ ಇರಬೇಕಾದುದೂ ಅಗತ್ಯ. ಮಳೆಗಾಲದ ರಭಸದಲ್ಲಿ ಕೊಚ್ಚಿಹೋಗದಂತೆ ಹಿಡಿದುಕೊಳ್ಳಲು ಮತ್ತು ಬೇಸಿಗೆಯಲ್ಲಿ ತೇವದ ಮೂಲೆಯಲ್ಲಿ ಅಡಗಲು ಅವೇ ಆಸರೆ. ಪ್ರವಾಸಿಗರ ಅನುಕೂಲಕ್ಕೆಂದು ಬಂಡೆಗೆ ಕಾಂಕ್ರೀಟ್ ಮೆತ್ತಿ ಮೆಟ್ಟಿಲು ಕಟ್ಟಿದಾಗ ಮೊದಲು ಮಾಯವಾಗುವುದು ಈ ಸಂದುಗಳು.

ನೀರಿನ ಶುದ್ಧತೆಯ ವಿಚಾರದಲ್ಲಿ ಮಲೆನಾಡಿನ ತೋಟಗಾರರು ಗಮನಿಸಬೇಕಾದ ಅಂಶವೊಂದಿದೆ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮುಖ್ಯ ಘಟಕ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಧ್ಯಯನ ಮಾಡಿದ 20ನೇ ಶತಮಾನದ ಆರಂಭದಿಂದ ಈ ದ್ರಾವಣ ತೋಟಗಳನ್ನು ಕಾಪಾಡುತ್ತ ಬಂದಿದೆ. ಅದನ್ನು ಬಿಡಿ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಆದರೆ ತಾಮ್ರವು ಬಸವನಹುಳುಗಳಿಗೆ ಅತ್ಯಂತ ವಿಷಕಾರಿ. ರೋಗವಾಹಕ ಬಸವನಹುಳುಗಳನ್ನು ಕೊಲ್ಲಲೆಂದೇ ಅನೇಕ ದೇಶಗಳಲ್ಲಿ ತಾಮ್ರದ ಸಲ್ಫೇಟನ್ನು ನೀರಿಗೆ ಹಾಕಿದ್ದುಂಟು. ಜಲಪಾತದ ಮೇಲ್ಭಾಗದ ಹಳ್ಳದಲ್ಲಿ ದ್ರಾವಣದ ಪೀಪಾಯಿ, ಪಂಪು ತೊಳೆದರೆ ಅದರ ಪರಿಣಾಮ ನೇರವಾಗಿ ಕೆಳಗಿನ ಬಂಡೆಗೆ ತಲುಪುತ್ತದೆ. ಪೀಪಾಯಿಯನ್ನು ತೋಟದೊಳಗೇ ತೊಳೆದು ನೀರನ್ನು ಮಣ್ಣಿಗೆ ಇಂಗಿಸುವುದು ಖರ್ಚಿಲ್ಲದ ಪರಿಹಾರ. ಜಲಪಾತದಡಿಯ ಸ್ನಾನದಲ್ಲಿ ಬಳಸುವ ಸಾಬೂನು, ಶಾಂಪೂಗಳೂ ಇದೇ ಸಾಲಿಗೆ ಸೇರುತ್ತವೆ.

ಸ್ಥಳಾಂತರ ಏಕೆ ಸಾಧ್ಯವಿಲ್ಲ

ಯೋಜನೆಯ ಸ್ಥಳದಲ್ಲಿ ಇಂತಹ ಜೀವಿಗಳಿದ್ದರೆ ಅವುಗಳನ್ನು ಆಯ್ದು ಬೇರೊಂದು ಜಲಪಾತಕ್ಕೆ ಬಿಡಬಹುದಲ್ಲ ಎಂಬ ಸಲಹೆ ಸಾಮಾನ್ಯವಾದುದು. ಇದಕ್ಕೆ ಹೊರದೇಶದ ಒಂದು ಅನುಭವವೇ ಉತ್ತರವಾಗಬಲ್ಲದು. ಇಂಗ್ಲೆಂಡಿನ ನ್ಯೂಬರಿ ಪಟ್ಟಣದ ಬೈಪಾಸ್ ರಸ್ತೆಯ ಹಾದಿಯಲ್ಲಿ, ಜೌಗುನೆಲದ ಅಪರೂಪದ ಡೆಮೂಲಾನ್ಸ್ ಬಸವನಹುಳು ಇರುವುದು 1990ರ ದಶಕದಲ್ಲಿ ತಿಳಿದುಬಂದಿತು. ಮೂರು ಮಿಲಿಮೀಟರಿನಷ್ಟೂ ಉದ್ದವಿಲ್ಲದ ಆ ಹುಳುವಿನ ವಿಷಯ ನ್ಯಾಯಾಲಯದವರೆಗೂ ಹೋಯಿತು. ಕೊನೆಗೆ ಅವು ವಾಸಿಸುತ್ತಿದ್ದ ಹುಲ್ಲುಹೆಂಟೆಗಳನ್ನೇ ಅಗೆದು, ಸಮೀಪದಲ್ಲಿ ಸಿದ್ಧಪಡಿಸಿದ ಜಾಗಕ್ಕೆ ಸಾಗಿಸಲಾಯಿತು. ಸುಮಾರು 10 ವರ್ಷಗಳ ನಂತರ ನೋಡಿದಾಗ ಸ್ಥಳಾಂತರಿಸಿದ ಆ ಸಂತತಿ ಅಲ್ಲಿ ಉಳಿದಿರಲಿಲ್ಲ. ಹೊಸ ಜಾಗದ ತೇವದ ಮಟ್ಟ ಹಳೆಯದರಂತೆ ಇರಲಿಲ್ಲ.

ಕೃತಕವಾಗಿ ಜೌಗು ನಿರ್ಮಿಸುವುದೇ ಇಷ್ಟು ಕಷ್ಟವಾದರೆ ಜಲಪಾತ ನಿರ್ಮಿಸುವ ಮಾತೇ ಬರುವುದಿಲ್ಲ. ಘಟ್ಟದ ಬಸವನಹುಳು ತಾನಾಗಿ ಇನ್ನೊಂದು ಜಲಪಾತಕ್ಕೆ ಹೋಗಲಾರದು. ನಡುವೆ ಒಣಗಿದ ಏಣುಗಳು, ಕಾಡುನೆಲ. ಕೆಳಕ್ಕೆ ಕೊಚ್ಚಿಹೋದರೆ ಸೇರುವುದು ಬಯಲಿನ ನಿಧಾನಗತಿಯ ಹೊಳೆಯನ್ನು. ಒಂದೊಂದು ಭಾಗದಲ್ಲಿ ಒಂದೊಂದು ಪ್ರಭೇದ ರೂಪುಗೊಂಡಿರುವುದಕ್ಕೆ ಈ ಪ್ರತ್ಯೇಕತೆಯೇ ಕಾರಣವೆಂದು ಭಾವಿಸಬಹುದು. ಒಂದು ಪ್ರಭೇದವನ್ನು ಒಯ್ದು ಇನ್ನೊಂದರ ನೆಲೆಗೆ ಬಿಡುವುದು ಎರಡಕ್ಕೂ ಅಪಾಯಕಾರಿ.

ಅನ್ವಯವಾಗುವ ಕಾನೂನುಗಳು

ಜಲಪಾತದ ಬಂಡೆಯೂ ಜೌಗು ಪ್ರದೇಶವೇ ಎಂಬ ಪ್ರಶ್ನೆ ಮೊದಲಿಗೆ ಏಳುತ್ತದೆ. ರಾಮ್ಸರ್ ಒಪ್ಪಂದದ ವ್ಯಾಖ್ಯೆ ವಿಶಾಲವಾದುದು. ಹರಿಯುವ ನೀರೂ ಅದರೊಳಗೆ ಬರುತ್ತದೆ. ಆದರೆ ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು ನದಿಪಾತ್ರಗಳನ್ನು, ಗದ್ದೆಗಳನ್ನು ಹಾಗೂ ಕುಡಿಯುವ ನೀರು, ನೀರಾವರಿ ಮುಂತಾದವುಗಳಿಗಾಗಿ ನಿರ್ಮಿಸಿದ ಜಲಾಶಯಗಳನ್ನು ಕೈಬಿಟ್ಟಿವೆ. ಆದ್ದರಿಂದ ಝರಿಯ ಬಂಡೆಗೆ ಆ ನಿಯಮಗಳ ಆಸರೆ ದೊರೆಯುವುದು ಕಷ್ಟ. ಇದರ ರಕ್ಷಣೆ ನಿಂತಿರುವುದು ಮುಖ್ಯವಾಗಿ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳ ಮೇಲೆ.

ಬಸವನಹುಳುವಿನ ಹೆಸರು ಅನುಸೂಚಿಯಲ್ಲಿ ಇಲ್ಲದಿದ್ದರೆ ಅದಕ್ಕೆ ರಕ್ಷಣೆಯೇ ಇಲ್ಲವೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ, ಒಂದು ಆವಾಸದ ಭಾಗವಾಗಿರುವ ಯಾವುದೇ ಪ್ರಾಣಿಯೂ ವನ್ಯಜೀವಿ ಎಂಬ ಪದದ ವ್ಯಾಪ್ತಿಗೆ ಬರುತ್ತದೆ. ಅಭಯಾರಣ್ಯಗಳಲ್ಲಿ 29ನೇ ಪ್ರಕರಣದ ಮೇರೆಗೆ, ರಾಷ್ಟ್ರೀಯ ಉದ್ಯಾನಗಳಲ್ಲಿ 35ನೇ ಪ್ರಕರಣದ ಮೇರೆಗೆ, ವನ್ಯಜೀವಿಯನ್ನು ನಾಶಪಡಿಸುವುದು ಅಥವಾ ಹೊರತೆಗೆಯುವುದು ಮಾತ್ರವಲ್ಲದೆ, ನೀರಿನ ಹರಿವನ್ನು ತಿರುಗಿಸುವುದು, ನಿಲ್ಲಿಸುವುದು ಅಥವಾ ಹೆಚ್ಚಿಸುವುದು ಸಹ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ನಿಷಿದ್ಧ. ಅಂತಹ ಬದಲಾವಣೆಯು ವನ್ಯಜೀವಿಗಳ ಉತ್ತಮ ನಿರ್ವಹಣೆಗೆ ಅಗತ್ಯವೆಂದು ಮನವರಿಕೆಯಾದ ಹೊರತು ಅನುಮತಿ ನೀಡುವಂತಿಲ್ಲ. ಅರ್ಜಿದಾರರ ಅನುಕೂಲ ಇಲ್ಲಿ ಮಾನದಂಡವಲ್ಲ ಎಂಬುದನ್ನು ಅರ್ಜಿ ಬರೆಯುವ ಮೊದಲೇ ತಿಳಿದಿರುವುದು ಒಳ್ಳೆಯದು.

1974ರಲ್ಲಿ ಘೋಷಿತವಾದ ಸೋಮೇಶ್ವರ ಅಭಯಾರಣ್ಯ ಮತ್ತು 1987ರ ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಿಗೆ ಈ ಪ್ರಕರಣಗಳು ಅನ್ವಯಿಸುತ್ತವೆ. ಇವೆರಡೂ, ಆಗುಂಬೆ ಮೀಸಲು ಅರಣ್ಯವೂ, 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಗುರುತಿಸಿದ ಪಶ್ಚಿಮ ಘಟ್ಟಗಳ 39 ಭಾಗಗಳಲ್ಲಿ ಸೇರಿವೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ನಿಂತಿತು.

ನೀರಿಗಾಗಿ ಅರ್ಜಿ ಸಲ್ಲಿಸುವವರು

ಮಲೆನಾಡಿನ ಮನೆಗಳಿಗೆ ಗುಡ್ಡದ ಅಬ್ಬಿ ನೀರನ್ನು ಅಡಕೆಮರದ ದಂಬೆಯಲ್ಲಿ ಹರಿಸಿ ತರುವುದು ಹಳೆಯ ಪದ್ಧತಿ. ದಂಬೆ ಝರಿಯ ಒಂದು ಪಾಲನ್ನು ಮಾತ್ರ ಪಡೆಯುತ್ತಿತ್ತು. ಮಿಕ್ಕದ್ದು ಬಂಡೆಯ ಮೇಲೆಯೇ ಹರಿಯುತ್ತಿತ್ತು. ಝರಿಯ ತಲೆಗೇ ಸಿಮೆಂಟು ಕಟ್ಟೆ ಕಟ್ಟಿ ಅದರ ತಳದಲ್ಲಿ ಕೊಳವೆ ಇಟ್ಟರೆ ಬೇಸಿಗೆಯ ಅಲ್ಪ ಹರಿವು ಪೂರ್ತಿಯಾಗಿ ಕೊಳವೆಯನ್ನು ಸೇರುತ್ತದೆ. ಕೊಳವೆ ಸಣ್ಣದೇ ಇರಬಹುದು, ಆದರೆ ಏಪ್ರಿಲ್ ತಿಂಗಳ ಝರಿ ಅದಕ್ಕಿಂತ ಸಣ್ಣದು.

ಅಭಯಾರಣ್ಯದೊಳಗಿನ ಸ್ಥಳೀಯ ಸಮುದಾಯಗಳು ಕುಡಿಯಲು ಮತ್ತು ಗೃಹಬಳಕೆಗೆ ಪ್ರಾಮಾಣಿಕವಾಗಿ ನೀರು ಬಳಸುವುದು 29ನೇ ಪ್ರಕರಣದ ಅಡಿ ನಿಷಿದ್ಧ ಕೃತ್ಯವಾಗುವುದಿಲ್ಲವೆಂದು 2022ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಹೋಂಸ್ಟೇ, ರೆಸಾರ್ಟ್ ಮುಂತಾದ ವಾಣಿಜ್ಯ ಉದ್ದೇಶದ ಬಳಕೆ ಇದರಡಿ ತಾನಾಗಿ ಬರುವುದಿಲ್ಲ. ಅಭಯಾರಣ್ಯದ ಹೊರಗಿನ ಅರಣ್ಯ ಭೂಮಿಯಲ್ಲಿ ಕೊಳವೆ, ರಸ್ತೆ, ಕಿರು ಜಲವಿದ್ಯುತ್ ಘಟಕ ಮೊದಲಾದವುಗಳಿಗೆ 1980ರ ಅರಣ್ಯ ಸಂರಕ್ಷಣಾ ಅಧಿನಿಯಮದ ಮೇರೆಗೆ ಪೂರ್ವಾನುಮತಿ ಬೇಕು. 2023ರಿಂದ ಈ ಅಧಿನಿಯಮಕ್ಕೆ ವನ ಸಂರಕ್ಷಣ್ ಏವಂ ಸಂವರ್ಧನ್ ಅಧಿನಿಯಮ ಎಂಬ ಹೆಸರಿದೆ. ಅರ್ಜಿಯನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು.

ಅರ್ಜಿಯಲ್ಲಿ ನೀರು ಪಡೆಯುವ ಸ್ಥಳವು ಜಲಪಾತದ ಮೇಲ್ಭಾಗದಲ್ಲಿದೆಯೋ ಕೆಳಭಾಗದಲ್ಲಿದೆಯೋ ಎಂಬುದನ್ನು ನಕ್ಷೆಯೊಂದಿಗೆ ತೋರಿಸುವುದು ಉಚಿತ. ಕೆಳಭಾಗದಿಂದ ಪಡೆಯಲು ಸಾಧ್ಯವಿದ್ದಲ್ಲಿ ಬಂಡೆಗೆ ಆಗುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕೊಳವೆಯ ಅಳತೆ, ನೀರು ಬೇಕಾಗುವ ತಿಂಗಳುಗಳು ಮತ್ತು ಬೇಸಿಗೆಯ ಹರಿವಿನ ಪ್ರಮಾಣವನ್ನೂ ತಿಳಿಸಬೇಕು. ಹರಿವನ್ನು ಅಳೆಯಲು ಯಂತ್ರೋಪಕರಣ ಬೇಕಿಲ್ಲ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಅಳತೆ ಗೊತ್ತಿರುವ ಕೊಡವೊಂದು ಎಷ್ಟು ಸೆಕೆಂಡುಗಳಲ್ಲಿ ತುಂಬುತ್ತದೆ ಎಂದು ಮೂರು ನಾಲ್ಕು ದಿನ ಗುರುತು ಹಾಕಿಕೊಂಡರೆ ಸಾಕು. ಮಳೆಗಾಲದ ಅಳತೆಯಿಂದ ಇಲ್ಲಿ ಪ್ರಯೋಜನವಿಲ್ಲ.

ಅಧ್ಯಯನ ಮತ್ತು ಛಾಯಾಗ್ರಹಣ

ಸಂರಕ್ಷಿತ ಪ್ರದೇಶದೊಳಗೆ ಅಧ್ಯಯನ, ಛಾಯಾಗ್ರಹಣ ಅಥವಾ ಪ್ರವಾಸಕ್ಕಾಗಿ ಪ್ರವೇಶಿಸಲು 28ನೇ ಪ್ರಕರಣದಂತೆ ಅನುಮತಿ ಪಡೆಯತಕ್ಕದ್ದು. ಸಂಶೋಧನೆಯ ಅರ್ಜಿಗಳನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲ್ಲಿಸಬೇಕು. ಅವರ ಕಚೇರಿ ಬೆಂಗಳೂರಿನ ಮಲ್ಲೇಶ್ವರಂ 18ನೇ ಅಡ್ಡರಸ್ತೆಯ ಅರಣ್ಯ ಭವನದಲ್ಲಿದೆ. ಪ್ರವೇಶದ ಅನುಮತಿ ಇದೆಯೆಂದು ಜೀವಿಗಳನ್ನು ಸಂಗ್ರಹಿಸುವಂತಿಲ್ಲ. ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಎಷ್ಟು ಮಾದರಿಗಳು, ಯಾವ ಝರಿಯಿಂದ, ಯಾವ ವಿಧಾನದಿಂದ ಮತ್ತು ನಂತರ ಅವುಗಳನ್ನು ಎಲ್ಲಿ ಇರಿಸಲಾಗುವುದು ಎಂಬುದನ್ನು ನಮೂದಿಸಬೇಕು. ಖಾಲಿ ಚಿಪ್ಪುಗಳಿಂದ ಕೆಲಸ ಸಾಗುವಂತಿದ್ದರೆ ಜೀವಂತ ಮಾದರಿಗಳನ್ನು ಕೇಳದಿರುವುದೇ ಲೇಸು. ಶಾಲಾ ಕಾಲೇಜುಗಳ ಪ್ರವಾಸಗಳಲ್ಲಿ ನೆನಪಿಗೆಂದು ಚಿಪ್ಪು ಆಯುವುದು ಸಹ ಹೊರತೆಗೆಯುವ ಕೃತ್ಯವೇ ಆಗುತ್ತದೆ.

ವಾಣಿಜ್ಯ ಬಳಕೆಗಾಗಿ ಜೈವಿಕ ಸಂಪನ್ಮೂಲ ಪಡೆಯುವವರಿಗೆ 2002ರ ಜೀವವೈವಿಧ್ಯ ಅಧಿನಿಯಮವೂ ಅನ್ವಯಿಸುತ್ತದೆ.

ಕಂಡಿದ್ದನ್ನು ತಿಳಿಸುವುದು

ಖಾಸಗಿ ತೋಟ ಅಥವಾ ಕಾನಿನ ಝರಿಗಳಲ್ಲಿ ಈ ಬಸವನಹುಳುಗಳು ಕಂಡುಬಂದರೆ, ಆಯಾ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೇರಿಸುವಂತೆ ಕೋರಬಹುದು. ಹೀಗೆ ದಾಖಲಾದ ಮಾತ್ರಕ್ಕೆ ಭೂಮಾಲೀಕರ ಹಕ್ಕಿಗೆ ಯಾವ ಚ್ಯುತಿಯೂ ಬರುವುದಿಲ್ಲ. ಬೆಂಗಳೂರಿನಲ್ಲಿರುವವರು ತಮ್ಮ ಊರಿನ ತೋಟದ ವಿಚಾರವನ್ನು ಮಲ್ಲೇಶ್ವರಂನಲ್ಲಿರುವ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಲಿಖಿತವಾಗಿ ತಿಳಿಸಬಹುದು.

ಕರಾವಳಿಯಲ್ಲಿ ನರ್ತೆ ಎಂದು ಕರೆಯುವ ಗದ್ದೆಯ ಬಸವನಹುಳುವೇ ಇದೆಂದು ತಪ್ಪು ತಿಳಿಯುವ ಸಂಭವವಿದೆ. ಕಂಡದ್ದು ನಿಂತ ನೀರಿನಲ್ಲೋ ಕೆಸರಿನಲ್ಲೋ ಆಗಿದ್ದರೆ ಅದು ಬೇರೆ ಜೀವಿ. ಕಡಿದಾದ ಒದ್ದೆ ಬಂಡೆಗೆ ಅಂಟಿಕೊಂಡಿದ್ದು, ಚಿಪ್ಪು ಉಗುರಿಗಿಂತ ಚಿಕ್ಕದಾಗಿದ್ದು, ಅದರ ಬಾಯಿಗೆ ಮುಚ್ಚಳವಿದ್ದರೆ ತಿಳಿಸಲು ಯೋಗ್ಯ. ಹುಳುವನ್ನು ಬಂಡೆಯಿಂದ ಕೀಳದೆ, ಪಕ್ಕದಲ್ಲಿ ನಾಣ್ಯ ಅಥವಾ ಬೆಂಕಿಕಡ್ಡಿಯನ್ನು ಅಳತೆಗಾಗಿ ಹಿಡಿದು ಛಾಯಾಚಿತ್ರ ತೆಗೆಯಬೇಕು. ಸ್ಥಳ, ದಿನಾಂಕ, ಬಂಡೆಯ ಮೇಲೆ ಆ ದಿನ ನೀರು ಹರಿಯುತ್ತಿತ್ತೇ ಅಥವಾ ಬರೀ ಒಸರಿತ್ತೇ, ನೆರಳಿತ್ತೇ ಎಂಬ ವಿವರಗಳನ್ನು ಬರೆಯಬೇಕು. ಸಾಧ್ಯವಾದರೆ ಅದೇ ಬಂಡೆಯನ್ನು ಮೇ ತಿಂಗಳಲ್ಲಿ ಇನ್ನೊಮ್ಮೆ ನೋಡಿ, ಆಗಿನ ಸ್ಥಿತಿಯನ್ನೂ ಜೊತೆಗೆ ತಿಳಿಸುವುದು ಅಪೇಕ್ಷಣೀಯ.